ಸಾರಿನ ಹುಳಿ ಬದಲಿಸಿ ನೋಡಿ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ರಾತ್ರಿ ಅಡುಗೆಗೆ ಬೇಳೆ ಇಟ್ಟಿರುತ್ತೀರಿ. ಕುಕ್ಕರ್ ಕೂಗಿದರೆ ಕೂಗಲಿ, ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ.

"ಇವತ್ತೂ ಅದೇ ಸಾರಾ?" ಅನ್ನುವವರು ಒಬ್ಬರಾದರೂ ಮನೆಯಲ್ಲಿ ಇರುತ್ತಾರೆ, ಅಲ್ವಾ? ಅವರು ಹಾಗಂದ ಕೂಡಲೇ ನಾವು ಮೊಬೈಲ್ ಹಿಡಿದು ಯಾವುದೋ ಊರಿನ ಅಡುಗೆ ಹುಡುಕುತ್ತೇವೆ. ಅದೆಲ್ಲ ಬೇಡ. ಹುಳಿ ಒಂದನ್ನು ಬದಲಿಸಿ, ಸಾಕು. ಬೇಳೆ ಅದೇ, ಸಾರಿನ ಪುಡಿ ಅದೇ, ಒಗ್ಗರಣೆಯೂ ಅದೇ.

ಹುಣಸೆಹಣ್ಣು ಬಿಟ್ಟರೆ ನಮ್ಮಲ್ಲಿ ಹುಳಿಗೇನು ಬರವೇ? ನಿಂಬೆ, ನೆಲ್ಲಿಕಾಯಿ, ಮಾವಿನಕಾಯಿ ಇವೆ. ಕರಾವಳಿಯಲ್ಲಿ ಬಿಂಬುಳಿ ಇದೆ, ಪುನರ್ಪುಳಿ ಇದೆ. ಮಲೆನಾಡಿನವರು ಮುರುಗಲು ಅನ್ನುವುದೂ ಇದನ್ನೇ.

ಪುನರ್ಪುಳಿ ಅಂದಾಗ ನಮ್ಮ ಸೋದರಮಾವನ ಕಥೆ ಹೇಳಲೇಬೇಕು. ತುಮಕೂರಿನ ಕಡೆಯವರು. ಹುಣಸೆ, ಟೊಮೆಟೊ ಹಾಕಿದ ಸಾರಿಲ್ಲದೆ ತಟ್ಟೆ ಮುಟ್ಟಿದವರಲ್ಲ. ಅವರ ಮನೆಗೆ ಪುತ್ತೂರಿನಿಂದ ಸೊಸೆ ಬಂದಳು. ತವರಿಂದ ಒಂದು ಡಬ್ಬಿ ಒಣಗಿದ ಪುನರ್ಪುಳಿ ಸಿಪ್ಪೆಯೂ ಬಂತು. ಒಂದು ದಿನ ಹುಣಸೆ, ಟೊಮೆಟೊ ಎರಡನ್ನೂ ಬಿಟ್ಟು ಏಳೆಂಟು ಸಿಪ್ಪೆ ನೆನೆಸಿ, ಆ ನೀರನ್ನೇ ಸಾರಿಗೆ ಹಾಕಿದಳು. ಜೊತೆಗೆ ಚೂರು ಬೆಲ್ಲ. ಉಳಿದದ್ದೆಲ್ಲ ಅತ್ತೆಯ ಡಬ್ಬಿಯ ಪುಡಿ, ಅತ್ತೆಯ ಒಗ್ಗರಣೆ.

ಮಾವ ಬಣ್ಣ ನೋಡಿದರು. "ಏನಮ್ಮ ಇದು, ಶರಬತ್ತಾ?" ಅಂದರು. ಒಂದು ತುತ್ತು ಕಲಸಿದರು. ಮಾತಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡರು. ಕೊನೆಗೆ ಲೋಟದಲ್ಲಿ ಕೇಳಿ ಕುಡಿದರು!

ಸೊಸೆಗೆ ಹುರುಪು ಬಂತು. ಮುಂದಿನ ವಾರ ತೊಗರಿಬೇಳೆ ಹೋಗಿ ಹೆಸರುಬೇಳೆ ಬಂತು. ಪುಡಿ ಬದಲು ಹಸಿಮೆಣಸು, ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ. ಅಡುಗೆ ಚೆನ್ನಾಗೇ ಇತ್ತು, ನಾನೂ ಉಂಡೆ. ಮಾವ ಮಾತ್ರ "ನನಗೆ ಮೊಸರನ್ನ ಸಾಕು" ಅಂದುಬಿಟ್ಟರು. ಅವರಿಗೆ ಬೇಕಾಗಿದ್ದದ್ದು ಸಾರು, ಅವಳು ಮಾಡಿದ್ದು ಬೇರೆಯೇ ಅಡುಗೆ. ಅದಕ್ಕೇ ಹೇಳುತ್ತಿದ್ದೇನೆ, ಹುಳಿ ಒಂದನ್ನೇ ಬದಲಿಸಿ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ನಿಂಬೆ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಿಂಡಿ. ದಯವಿಟ್ಟು ಕುದಿಸಬೇಡಿ, ಕಹಿಯಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕುದಿಸುವವರು ಕುದಿಸುತ್ತಲೇ ಇದ್ದಾರೆ! ಹುಣಸೆ ಇದಕ್ಕೆ ಉಲ್ಟಾ, ಹಸಿ ವಾಸನೆ ಹೋಗುವಷ್ಟು ಕುದಿಯಬೇಕು. ಮಾವಿನಕಾಯಿಯನ್ನು ಬೇಯಿಸಿ, ಕಿವುಚಿ ಹಾಕಿ. ನೆಲ್ಲಿಕಾಯಿಯಾದರೆ ನಾಲ್ಕು ಜನರಿಗೆ ಮೂರು ಸಾಕು. ಬೀಜ ತೆಗೆದು, ಜೀರಿಗೆ ಜೊತೆ ರುಬ್ಬಿ ಹಾಕಿ. ಸ್ವಲ್ಪ ಒಗರು ಇರುತ್ತದೆ, ಒಂದು ಚಮಚ ತುಪ್ಪ ಜಾಸ್ತಿ ಬಿಟ್ಟರೆ ಸರಿಹೋಗುತ್ತದೆ.

ಸ್ಟುಡಿಯೋದವರು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ನೊಂದೇ ಮಾತು. ಹುಳಿ ಯಾವುದೇ ಇರಲಿ, ಬೇಳೆ ಮೆತ್ತಗೆ ಬೆಂದ ಮೇಲೆ ಹಾಕಿ. ಮೊದಲೇ ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲ, ಗ್ಯಾಸ್ ದಂಡ. ನಮಸ್ಕಾರ.