ಹಾಡಿನಿಂದ ದನಿಯನ್ನು ಬಿಡಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಹಾಡಿನಿಂದ ಗಾಯಕರ ದನಿಯನ್ನು ತೆಗೆದುಹಾಕುವುದು ಒಂದು ಕೆಲಸ. ದನಿಯನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ತೆಗೆಯುವುದು ಇನ್ನೊಂದು. ಎರಡೂ ಒಂದೇ ಎಂದುಕೊಂಡು ನಾನು ಇಡೀ ಒಂದು ಭಾನುವಾರ ಕಳೆದುಕೊಂಡಿದ್ದೇನೆ. ಆ ದಿನದ ಲೆಕ್ಕವನ್ನೇ ಈಗ ನಿಮ್ಮ ಮುಂದಿಡುತ್ತೇನೆ.

ಸ್ಟೀರಿಯೊ ಮುದ್ರಣದಲ್ಲಿ ಎಡಕ್ಕೊಂದು, ಬಲಕ್ಕೊಂದು ಚಾನೆಲ್ ಇರುತ್ತದೆ. ಮುಖ್ಯ ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಕೂರಿಸುತ್ತಾರೆ. ಅಂದರೆ ಅದು ಎರಡರಲ್ಲೂ ಒಂದೇ ಸಮ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಒಂದು ಚಾನೆಲ್‌ನ ತರಂಗವನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ, ಏರಿದ್ದಲ್ಲಿ ಇಳಿವು ಬಂದು ಕೂತು, ಸಮನಾಗಿದ್ದದ್ದೆಲ್ಲ ಸೊನ್ನೆಯಾಗುತ್ತದೆ. ದನಿ ಮಾಯ. ಅದರ ಹಿಂದೆಯೇ, ನಡುವೆ ಕೂತಿದ್ದ ಬೇಸ್ ಗಿಟಾರೂ ದೊಡ್ಡ ಡ್ರಮ್ಮೂ ಮಾಯ! ದನಿಗೆ ಬೆರೆಸಿದ್ದ ರಿವರ್ಬ್ ಎಂಬ ಮಾರ್ದನಿ ಮಾತ್ರ ಎಡಬಲಗಳಲ್ಲಿ ಬೇರೆಬೇರೆಯಾಗಿ ಹರಡಿಕೊಂಡಿರುವುದರಿಂದ ಅಳಿಯದೆ ಉಳಿದು, ಗಾಯಕರು ಎದ್ದುಹೋದ ಕೋಣೆಯಲ್ಲಿ ಅವರ ನೆರಳು ಹಾಡಿದಂತೆ ಕೇಳುತ್ತದೆ. ಇನ್ನು ಎಡಬಲಗಳಲ್ಲಿ ಎಲ್ಲವೂ ಒಂದೇ ಸಮ ಇರುವ ಹಳೆಯ ಮೊನೊ ಮುದ್ರಣಕ್ಕೆ ಈ ಉಪಾಯ ಹೂಡಿದಿರೋ, ಹಾಡಿಗೆ ಹಾಡೇ ಹೋಗಿ ಮೌನ ಉಳಿಯುತ್ತದೆ. ನಾನು ಮೊದಲು ಕೈಗೆತ್ತಿಕೊಂಡದ್ದು ಅಂಥದೇ ಹಾಡು. ಸ್ಪೀಕರ್ ಕೆಟ್ಟಿತೆಂದು ತಂತಿಗಳನ್ನು ಮೂರು ಸಲ ಕಿತ್ತು ಜೋಡಿಸಿದೆ.

ಆಮೇಲೆ ಸ್ಟೀರಿಯೊ ಹಾಡೊಂದಕ್ಕೆ ಇದೇ ಉಪಾಯ ಹೂಡಿದಾಗ ಅದರ ದನಿಯಿಲ್ಲದ ರೂಪ ಸಿಕ್ಕಿತು. ಅದನ್ನು ಮೂಲದಿಂದ ಕಳೆದರೆ ದನಿ ಸಿಗಬೇಕಲ್ಲವೇ? ಸಿಗುವುದಿಲ್ಲ. ಕೈಗೆ ಬಂದದ್ದು ವಾದ್ಯಗಳಲ್ಲ, ಎಡಬಲಗಳ ವ್ಯತ್ಯಾಸ. ಎಡದಿಂದ ಅದನ್ನು ಕಳೆದರೆ ಬಲ ಚಾನೆಲ್ಲೇ ಮರಳಿ ಬರುತ್ತದೆ. ಶಾಲೆಯ ಬೀಜಗಣಿತ ನೆನಪಿದ್ದಿದ್ದರೆ ನನಗೆ ಎರಡು ಗಂಟೆ ಉಳಿಯುತ್ತಿತ್ತು.

ಅದೇ ಮಿಶ್ರಣದ, ವಾದ್ಯಗಳಷ್ಟೇ ಇರುವ ಕರೋಕೆ ಟ್ರ್ಯಾಕ್ ದೊರೆತರೆ ಮಾತ್ರ ಕಳೆಯುವ ಲೆಕ್ಕ ಕೂಡಿಬರುತ್ತದೆ. ಆದರೂ ಅಲ್ಲೊಂದು ಕಾಟವಿದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಅಂದರೆ ತರಂಗದ ಅಳತೆಗಳು, ಇರುತ್ತವೆ. ಎರಡು ಟ್ರ್ಯಾಕ್‌ಗಳು ಒಂದೇ ಒಂದು ಮಾದರಿಯಷ್ಟು ಹಿಂದುಮುಂದಾದರೂ ಸಿಂಬಲ್ ಎಂಬ ಲೋಹದ ತಟ್ಟೆಯ ಝಣಝಣ ಅಳಿಯದೆ ಉಳಿಯುತ್ತದೆ. ಎಂಪಿ3 ಕಡತಗಳಲ್ಲಂತೂ ಕುಗ್ಗಿಸುವಾಗಲೇ ತರಂಗ ಬದಲಾಗಿರುವುದರಿಂದ ಲೆಕ್ಕ ಪೂರ್ತಿ ಸರಿಹೋಗುವುದೇ ಇಲ್ಲ.

2019ರಲ್ಲಿ, ಅಂತರಜಾಲದಲ್ಲಿ ಹಾಡು ಕೇಳಿಸುವ ಡೀಜರ್ ಸಂಸ್ಥೆ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಇದು ಕಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಹಾಡನ್ನು, ಯಾವ ಕ್ಷಣಕ್ಕೆ ಯಾವ ಸ್ವರ ಎಷ್ಟು ಜೋರೆಂದು ತೋರಿಸುವ ಸ್ಪೆಕ್ಟ್ರೊಗ್ರಾಮ್ ಎಂಬ ಚಿತ್ರವಾಗಿಸಿ, ಆ ಚಿತ್ರದ ಒಂದೊಂದು ಚುಕ್ಕೆಯಲ್ಲೂ ದನಿಯ ಪಾಲೆಷ್ಟು, ವಾದ್ಯದ ಪಾಲೆಷ್ಟು ಎಂದು ಊಹಿಸುತ್ತದೆ. ಈ ಊಹೆ ಕಲಿತದ್ದು ದನಿ, ವಾದ್ಯಗಳು ಮೊದಲೇ ಬಿಡಿಬಿಡಿಯಾಗಿದ್ದ ಹಾಡುಗಳನ್ನು ನೋಡಿ. ಆದ್ದರಿಂದ ಮೊನೊ ಆದರೂ ಅಡ್ಡಿಯಿಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ ಪಿಯಾನೊದೊಂದಿಗೆ ಬೆರೆತಿದ್ದ ಜಾನ್ ಲೆನ್ನನ್ ಅವರ ದನಿಯನ್ನು ಇಂಥದೇ ಯಂತ್ರಕಲಿಕೆಯಿಂದ ಬಿಡಿಸಿಕೊಂಡು ಬೀಟಲ್ಸ್ ತಂಡದ ಹಾಡೊಂದು 2023ರಲ್ಲಿ ಹೊರಬಂದಿತು.

ಊಹೆ ತಪ್ಪುವುದೂ ಉಂಟು. ‘ಸ’, ‘ಶ’ಗಳ ಉಸಿರನ್ನು ಸಿಂಬಲ್ ಎಂದುಕೊಂಡು ಕತ್ತರಿಸುತ್ತದೆ; ಕೊಳಲನ್ನು ದನಿ ಎಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಲವೆಡೆ ಗಾಯಕರು ನೀರೊಳಗಿಂದ ಹಾಡಿದಂತಿರುತ್ತದೆ. ಹಾಗೆಂದು ಇನ್ನಷ್ಟು ಉಜ್ಜಲು ಹೋಗಬೇಡಿ. ಉಜ್ಜಿದಷ್ಟೂ ದನಿ ತೆಳುವಾಗುತ್ತದೆ. ಬಿಡಿಸಿದ ದನಿಯನ್ನು ಒಂಟಿಯಾಗಿ ಕೇಳಿ ಹಳಿಯುವ ಬದಲು ಹೊಸ ವಾದ್ಯಗಳ ನಡುವೆ ಇಟ್ಟು ಕೇಳಿ, ಅರ್ಧದಷ್ಟು ಕಲೆಗಳು ಕಿವಿಗೆ ಬೀಳುವುದೇ ಇಲ್ಲ.

ನನ್ನ ಆ ಮೊನೊ ಹಾಡು ಕೊನೆಗೆ ಸ್ಪ್ಲೀಟರ್‌ನಿಂದ ಕೆಲವೇ ನಿಮಿಷಗಳಲ್ಲಿ ಬಿಡಿಯಾಯಿತು. ‘ಶ’ಗಳು ತುಸು ತೊದಲುತ್ತವೆ. ಹಾಗೆಯೇ ಬಿಟ್ಟಿದ್ದೇನೆ.

ನಮಸ್ಕಾರ.