ಎಲೆಯ ಬೆನ್ನು ನೋಡಿ ಒಡವೆ ಮಾಡೋಣ

ಎಲ್ಲರಿಗೂ ನಮಸ್ಕಾರ.

ನಮ್ಮ ಸಾಗರ ಊರಿನಲ್ಲಿ ನಿಂತು ಎಲೆ, ಬಳ್ಳಿ, ಹೂವಿನ ಒಡವೆಗಳ ಬಗ್ಗೆ ಮಾತಾಡುವುದೇ ಒಂದು ಖುಷಿ. ಇಲ್ಲಿನ ಗುಡಿಗಾರರು ತಲೆಮಾರುಗಳಿಂದ ಗಂಧದ ಮರದಲ್ಲಿ ಬಳ್ಳಿ ಹಬ್ಬಿಸುತ್ತ ಬಂದವರು. ನಮ್ಮ ಅಜ್ಜಿಯರ ಒಡವೆಗಳನ್ನೂ ನೆನಪು ಮಾಡಿಕೊಳ್ಳಿ. ಜಡೆಗೆ ಕೇದಿಗೆ, ಕೊರಳಿಗೆ ಮಾವಿನಕಾಯಿ ಸರ, ಅವಲಕ್ಕಿ ಸರ. ತೋಟ, ಗದ್ದೆ, ಅಡುಗೆಮನೆ ಎಲ್ಲವೂ ಅವರ ಮೈಮೇಲೆ ಇದ್ದವು, ಅಲ್ವಾ?

ನಾನು ಒಂದು ಅರಿಶಿನದ ಎಲೆ ತಂದಿದ್ದೇನೆ. ಕಡುಬು ಮಾಡೋಕೆ ಎಲ್ಲರ ಹಿತ್ತಲಲ್ಲೂ ಇರುವಂಥದ್ದೇ. ದಯವಿಟ್ಟು ತಿರುಗಿಸಿ ಅದರ ಬೆನ್ನು ನೋಡಿ. ನಡುವಿನ ನರ ಎಷ್ಟು ಉಬ್ಬಿದೆ! ಅಷ್ಟು ಉದ್ದದ ತೆಳು ಎಲೆ ಜೋಲು ಬೀಳದೆ ನಿಂತಿರುವುದು ಆ ನರದ ಬಲದಿಂದ. ಎಲೆಯ ಒಡವೆ ಮಾಡುವವರು ಸುಮ್ನೆ ಅಂಚಿನ ಗೆರೆ ಕತ್ತರಿಸಿ, ಮೇಲೆ ನಾಲ್ಕು ಗೀರು ಎಳೆದುಬಿಡುತ್ತಾರೆ. ಆ ತಗಡು ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಬಾಗಬಾರದು ಅಂತ ದಪ್ಪ ತಗಡು ಹಾಕಿದರೆ ಕಿವಿ ಜಗ್ಗುತ್ತದೆ. ಗಿಡ ಮಾಡಿದ್ದನ್ನೇ ನಾವೂ ಮಾಡಿದರೆ ಎರಡೂ ತೊಂದರೆ ಇಲ್ಲ.

ಅರ್ಧ ಮಿಲಿಮೀಟರಿಗಿಂತ ದಪ್ಪ ಬೇಡ, ಅಂಥ ತಾಮ್ರದ ತಗಡು ತಗೊಳ್ಳಿ. ನಡುವೆ ಮಡಚಿ, ಮಡಿಕೆಯ ಮೇಲೆ ಬಡಿದು ಒತ್ತಾಗಿ ಕೂರಿಸಿ. ಮಡಿಕೆಯ ಕಡೆ ಎಲೆಯ ನಡುನರ ಬರುವಂತೆ ಅರ್ಧ ಎಲೆಯ ಆಕಾರ ಕತ್ತರಿಸಿ. ಈಗ ಕಿರಿದಾದ, ದುಂಡಗಿನ ಅಂಚಿನ ಮೂತಿಯ ಸುತ್ತಿಗೆಯಿಂದ ತೆರೆದ ಅಂಚಿನ ಉದ್ದಕ್ಕೂ ಬಡಿಯುತ್ತ ಹೋಗಿ. ಅಂಚು ಹಿಗ್ಗುತ್ತದೆ, ಮಡಿಕೆ ಹಿಗ್ಗುವುದಿಲ್ಲ. ಹಾಗಾಗಿ ತಗಡು ತಾನಾಗಿ ಮಡಿಕೆಯ ಕಡೆಗೆ ಬಾಗುತ್ತದೆ. ಸುತ್ತಿಗೆಯ ಗುರುತುಗಳೇ ಪಕ್ಕದ ನರಗಳಾಗುತ್ತವೆ. ಆಮೇಲೆ ಕಾಸಿ, ಮೊಂಡು ಚಾಕುವಿನಿಂದ ನಿಧಾನಕ್ಕೆ ಬಿಡಿಸಿದರೆ ನಡುನರ ಏಣಾಗಿ ಎದ್ದು ನಿಂತಿರುತ್ತದೆ. ಈ ಮಡಿಕೆಯ ವಿಧಾನವನ್ನು 1980ರ ದಶಕದಲ್ಲಿ ಚಾರ್ಲ್ಸ್ ಲ್ಯೂಟನ್-ಬ್ರೇನ್ ಎಂಬ ಕಲಾವಿದ ಬೆಳೆಸಿದರು. ಲೋಹಕ್ಕೆ ಎಲೆಯ ಗುಣ ಇಷ್ಟು ಸುಲಭವಾಗಿ ಬರುವ ಇನ್ನೊಂದು ದಾರಿ ನನಗೆ ಸಿಕ್ಕಿಲ್ಲ.

ಕಾಸುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಡಿದಷ್ಟೂ ತಾಮ್ರ ಬಿಗಿಯಾಗುತ್ತದೆ. ಹಾಗೇ ಬಡಿಯುತ್ತ ಹೋದರೆ ಅಂಚು ಸೀಳುತ್ತದೆ. ಮಂಕು ಕೆಂಪು ಬರುವವರೆಗೆ ಕಾಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿನ ಕತ್ತಿಯನ್ನು ಹೀಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರ, ಬೆಳ್ಳಿ ಹಾಗಲ್ಲ. ಆ ಮಂಕು ಕೆಂಪು ಬಿಸಿಲಲ್ಲಿ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಲೋಹ ಜಾಸ್ತಿ ಕಾದಿರುತ್ತದೆ. ನಮ್ಮ ಆಷಾಢದ ಮಬ್ಬು ಮಧ್ಯಾಹ್ನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಕೂರುವ ಕಪ್ಪನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೆಗೆಯಿರಿ.

ಕೈ ಕುದುರಿದ ಮೇಲೆ ಬೆಳ್ಳಿ. ಅಪ್ಪಟ ಬೆಳ್ಳಿ ತುಂಬಾ ಮೆದು, ಅದಕ್ಕೇ ನೂರಕ್ಕೆ 92.5 ಪಾಲು ಬೆಳ್ಳಿಗೆ ಉಳಿದದ್ದು ಸಾಮಾನ್ಯವಾಗಿ ತಾಮ್ರ ಸೇರಿಸುತ್ತಾರೆ. ಎಲೆಗೆ ತೊಟ್ಟು ಬೆಸೆಯುವಾಗ ಬಿಳಿಗಾರ (ಬೋರಾಕ್ಸ್) ಹಚ್ಚಿದ ಮೇಲೆ ಬೆಂಕಿಯನ್ನು ದಪ್ಪ ತೊಟ್ಟಿನ ಕಡೆ ಹಿಡಿಯಿರಿ. ತೆಳು ಎಲೆ ಬೇಗ ಕಾಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿಬಿಡುತ್ತದೆ.

ಮಳೆಗಾಲದಲ್ಲಿ ಬೆಳ್ಳಿ ಯಾಕೆ ಕಪ್ಪಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆ ಕಪ್ಪು ಬರುತ್ತದೆ, ತೇವ ಇದ್ದರೆ ಇನ್ನೂ ಬೇಗ. ನಾನಂತೂ ನರಗಳ ಸಂದಿಯ ಕಪ್ಪನ್ನು ಹಾಗೇ ಬಿಟ್ಟು ಏಣುಗಳನ್ನು ಮಾತ್ರ ಉಜ್ಜುತ್ತೇನೆ. ಎಲೆ ಆಗಲೇ ಚೆನ್ನಾಗಿ ಕಾಣುತ್ತದೆ.

ಹೂವಿಗೂ ಇದೇ ಮಾತು. ಮಳೆ ಹಿಡಿಯುವ ಹೊತ್ತಿಗೆ ಮರಗಳ ಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂಗೊಂಚಲು ಇಳಿಬೀಳುತ್ತದಲ್ಲ, ಅದರ ಒಂದೊಂದು ಹೂವನ್ನೂ ಬೆಳ್ಳಿಯಲ್ಲಿ ಕೆತ್ತಲು ಹೊರಟರೆ ಗಟ್ಟಿ ಉಂಡೆಯಾಗುತ್ತದೆ. ಅದರ ಚೆಲುವು ತೂಗುವುದರಲ್ಲಿದೆ. ಹೂಗಳನ್ನು ಸರಳ ಮಾಡಿ, ಸಣ್ಣ ತಂತಿಯ ಕೊಂಡಿಗಳಲ್ಲಿ ಬಿಡಿಬಿಡಿಯಾಗಿ ಪೋಣಿಸಿ, ನಡೆದಾಗ ಅಲುಗಾಡಲಿ. ನೋಡೋಕೆ ಮರದ ಮೇಲಿನ ದಂಡೆ ಕೀಳಬೇಡಿ, ಕೆಳಗೆ ನಿಂತು ನೋಡಿದರೆ ಸಾಕು.

ಆ ಮೇಜಿನ ಮೇಲೆ ತಗಡು, ಕತ್ತರಿ, ಸುತ್ತಿಗೆ ಇಟ್ಟಿದ್ದೇನೆ. ಓಲೆಯ ಕೊಕ್ಕೆಗೆ 0.8 ಮಿಲಿಮೀಟರ್ ಬೆಳ್ಳಿ ತಂತಿಯೂ ಇದೆ. ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಕಿವಿ ಗೀರುತ್ತದೆ. ಬನ್ನಿ, ಮೊದಲು ಮಡಿಕೆಯಿಂದ ಶುರು ಮಾಡೋಣ.