ಅಂಪೈರ್ ಅಂದ್ರೆ ‘ಸಮ ಅಲ್ಲದವನು’!

[ದೃಶ್ಯ: ಬೀದಿ ಕ್ರಿಕೆಟ್. ವಿಕೆಟ್ ಬದಲು ಹಾಲಿನ ಕ್ರೇಟ್. ರನ್ ಔಟ್‌ಗೆ ಜಗಳ.]

ಚಿಕ್ಕವರಿದ್ದಾಗ ಆಟಕ್ಕೆ ಒಂಬತ್ತು ಜನ ಸೇರಿದ್ರೆ ತಲೆನೋವು. ನಾಲ್ಕು ನಾಲ್ಕು ಟೀಮ್ ಆಯ್ತು, ಉಳಿದ ಒಬ್ಬ? "ನೀನು ಅಂಪೈರ್ ನಿಂತ್ಕೋ ಹೋಗೋ!" ಬಹಳ ಸಲ ಆ ಬಡಪಾಯಿ ನಾನೇ. ಆಮೇಲೆ ಗೊತ್ತಾಯ್ತು, ಆ ಪದದ ಮೂಲ ಅರ್ಥವೇ ಅದಂತೆ.

ಹಳೇ ಫ್ರೆಂಚ್‌ನಲ್ಲಿ ‘ನೊಂಪೆರ್’. ‘ನೊನ್’ ಅಂದ್ರೆ ಅಲ್ಲ, ‘ಪೆರ್’ ಅಂದ್ರೆ ಸಮ. ಜೋಡಿ ಇಲ್ಲದ್ದು, ನಮ್ಮ ಲೆಕ್ಕದ ‘ಬೆಸ’. ಇಬ್ಬರು ಕಿತ್ತಾಡುವಾಗ ಯಾರ ಕಡೆಗೂ ಸೇರದ ಮೂರನೆಯವನು. 14ನೇ ಶತಮಾನದ ಇಂಗ್ಲಿಷಿನಲ್ಲಿ ಅವನು ‘ನೂಂಪೆರ್’.

[ತೆರೆಯ ಮೇಲೆ: ಎ ನೂಂಪೆರ್ → ಆನ್ ಊಂಪೆರ್. ‘ನ್’ ಜಾರಿ ಹಿಂದಿನ ಪದಕ್ಕೆ ಅಂಟಿಕೊಳ್ಳಲಿ.]

ಜನ ಬೇಗಬೇಗ ಮಾತಾಡ್ತಾ ಮಾತಾಡ್ತಾ ‘ನ್’ ಕಳೆದುಹೋಯ್ತು. ಅಡುಗೆಮನೆಯ ಏಪ್ರನ್ ಕೂಡ ತನ್ನ ‘ನ್’ ಹೀಗೇ ಕಳ್ಕೊಂಡಿದ್ದು. ಅದರ ನೆಂಟ ನ್ಯಾಪ್ಕಿನ್ ಮಾತ್ರ ಇನ್ನೂ ಉಳಿಸ್ಕೊಂಡಿದೆ. ಅಂದಹಾಗೆ, ಥರ್ಡ್ ಅಂಪೈರ್ ಅಂದ್ರೆ ಏನಾಯ್ತು? ಮೂರನೇ ‘ಮೂರನೆಯವನು’!

ಆದಾಯದ ‘ಡಿಸ್‌ಪ್ಯಾರಿಟಿ’ (ಅಸಮಾನತೆ) ಅಂತ ಬಜೆಟ್ ಚರ್ಚೇಲಿ ಕೇಳ್ತೀವಲ್ಲ, ಅದರ ಹೊಟ್ಟೇಲೂ ಇರೋದು ಇದೇ ‘ಸಮ’.

[ದೃಶ್ಯ: ಸಮುದ್ರದೊಳಕ್ಕೆ ಚಾಚಿದ ಭೂಶಿರ. ಅದರ ಮೇಲೆ ತ್ರಿಕೋನ ಮೂಡುತ್ತದೆ.]

ಈಗ ಬೆಸಕ್ಕೆ ಇಂಗ್ಲಿಷಲ್ಲಿ ಹೇಳೋ ‘ಆಡ್’ (odd). ಇದು ಉತ್ತರ ಯುರೋಪಿನಿಂದ ಹಡಗೇರಿ ಬಂದ ವೈಕಿಂಗರ ಜೊತೆ ಇಂಗ್ಲೆಂಡಿಗೆ ಬಂದ ಪದ. ಅವರ ನಾರ್ಸ್ ಭಾಷೇಲಿ ‘ಒಡ್ಡಿ’ ಅಂದ್ರೆ ಚೂಪಾಗಿ ಚಾಚಿದ ನೆಲ, ತ್ರಿಕೋನ. ತಳದಲ್ಲಿ ಎರಡು ಮೂಲೆ ಜೋಡಿಯಾದ್ವು, ಮೂರನೇದು ಒಂಟಿ. ಅಲ್ಲಿಂದ ಬೆಸ ಸಂಖ್ಯೆ. ಮಜಾ ಇರೋದು ಮುಂದೆ: ಎರಡು ಕಡೆ ಮತ ಸಮ ಬಿದ್ದಾಗ ತೀರ್ಮಾನ ಹೇಳೋ ಮೂರನೆಯವನನ್ನ ಅವರು ಕರೀತಿದ್ದದ್ದು ‘ಒಡ್ಡಮದ್ರ್’, ಅಂದ್ರೆ ಬೆಸ ಮನುಷ್ಯ. ಫ್ರೆಂಚರ ಅಂಪೈರೇ, ಬೇರೆ ವೇಷದಲ್ಲಿ!

ಲ್ಯಾಟಿನ್‌ನವರದ್ದು ಮಾತ್ರ ಉಲ್ಟಾ. ‘ಎಕ್ವುಸ್’ ಅಂದ್ರೆ ಮಟ್ಟಸವಾದ ನೆಲ, ನ್ಯಾಯ ಕೂಡ. ‘ಈಕ್ವಲ್’ ಹುಟ್ಟಿದ್ದು ಅಲ್ಲೇ. ಅದು ಅಲ್ಲ ಅಂದ್ರೆ ‘ಇನಿಕ್ವುಸ್’. ರೋಮಿನ ಸೇನಾಪತಿ ಸೀಸರ್ ತನ್ನ ಯುದ್ಧದ ಬರಹದಲ್ಲಿ ಸೈನ್ಯಕ್ಕೆ ಅನುಕೂಲವಿಲ್ಲದ ಜಾಗಕ್ಕೆ ಈ ಪದ ಬಳಸ್ತಾನೆ. ಅದೇ ಇಂಗ್ಲಿಷಿಗೆ ಬಂದು ‘ಇನಿಕ್ವಿಟಿ’ ಆಯ್ತು. ಏರುತಗ್ಗು ಹೋಗಿ ಪಾಪ, ಅನ್ಯಾಯ!

ನಮ್ಮ ‘ಸರಿ’ನೂ ಹೀಗೇ ಅಲ್ವಾ? ‘ಸರಿಸಮ’ದಲ್ಲೂ ಅದೇ, ‘ನೀನು ಮಾಡಿದ್ದು ಸರಿಯಲ್ಲ’ ಅನ್ನೋದ್ರಲ್ಲೂ ಅದೇ.

[ದೃಶ್ಯ: ಮತ್ತೆ ಬೀದಿ. ಒಂಬತ್ತನೇ ಹುಡುಗ ಬೆರಳೆತ್ತುತ್ತಾನೆ. ಬ್ಯಾಟ್ ನೆಲಕ್ಕೆ ಕುಕ್ಕಿದ ಸದ್ದು.]

"ಇದು ಸರಿಯಿಲ್ಲ ಕಣೋ!"